ಜರ್ಮನಿಯ ಲೂಥರನ್ ಸಭೆಯಲ್ಲಿ ಕ್ರಿಸ್‌ಮಸ್: 24ಕ್ಕೆ ಅತಿಥಿಯಾಗಿ ಹೋಗಬೇಡಿ, ನವೆಂಬರ್‌ನಲ್ಲೇ ಕೈಹಚ್ಚಿ

ಪ್ರತಿ ವರ್ಷ ಡಿಸೆಂಬರ್ 20 ದಾಟುತ್ತಿದ್ದ ಹಾಗೆ ನನಗೆ ಫೋನ್ ಶುರುವಾಗುತ್ತದೆ. ಸ್ಟುಟ್‌ಗಾರ್ಟ್ ಕಡೆ ಕೆಲಸಕ್ಕೆ ಬಂದವರು, ಓದಲು ಬಂದ ಮಕ್ಕಳು, ಹೆಚ್ಚಿನವರು ಉಡುಪಿ, ಮಂಗಳೂರು, ಧಾರವಾಡ, ಗದಗ ಕಡೆಯ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳವರು. "ಅಕ್ಕಾ, 24ಕ್ಕೆ ಯಾವ ಚರ್ಚ್‌ಗೆ ಹೋಗಲಿ, ಆರಾಧನೆ ಎಷ್ಟು ಗಂಟೆಗೆ?" ಅಂತ ಕೇಳುತ್ತಾರೆ. ಹೇಳುತ್ತೇನೆ. ಆದರೆ ಇದೇ ಮಾತನ್ನು ನವೆಂಬರ್ ಮೊದಲ ವಾರ ಕೇಳಿದ್ದರೆ ಇವರ ಕ್ರಿಸ್‌ಮಸ್ಸೇ ಬೇರೆ ಆಗುತ್ತಿತ್ತಲ್ಲಾ ಅಂತ ಪ್ರತಿ ಸಲ ಅನಿಸುತ್ತದೆ. ಅದಕ್ಕೇ ಈ ಸಲ ಮುಂಚೆಯೇ ಬರೆದು ಹಾಕುತ್ತಿದ್ದೇನೆ.

ನನ್ನ ಮೊದಲ ವರ್ಷದ ಕಥೆ ಹೇಳಿಬಿಡುತ್ತೇನೆ. 24ರ ಸಂಜೆ ರೇಷ್ಮೆ ಸೀರೆ ಉಟ್ಟು, ಮೇಲೆ ದಪ್ಪ ಕೋಟು ಹಾಕಿಕೊಂಡು, ಮಗಳ ಕೈ ಹಿಡಿದು 4 ಗಂಟೆಯ ಆರಾಧನೆಗೆ ಇನ್ನು ಐದು ನಿಮಿಷ ಇದೆ ಅನ್ನುವಾಗ ಹೋದೆ. ಒಳಗೆ ಕಾಲಿಡಲು ಜಾಗವಿಲ್ಲ. ಕಂಬದ ಹಿಂದೆ ನಿಂತೆವು. ಯಾವ ಹಾಡು, ಯಾವಾಗ ಏಳಬೇಕು, ಯಾವಾಗ ಕೂರಬೇಕು, ಒಂದೂ ಗೊತ್ತಾಗಲಿಲ್ಲ. ಮುಗಿದ ಹತ್ತೇ ನಿಮಿಷದಲ್ಲಿ ಎಲ್ಲರೂ ಮನೆ ಕಡೆ ಹೊರಟುಬಿಟ್ಟರು, ನಮ್ಮನ್ನು ಯಾರೂ ಮಾತಾಡಿಸಲಿಲ್ಲ. ನಮ್ಮೂರಲ್ಲಾದರೆ ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಅರ್ಧ ಗಂಟೆ ಕೈ ಕುಲುಕುವುದು, ಚಾ, ಕೇಕು, ದೊಡ್ಡವರ ಆಶೀರ್ವಾದ. ಆ ರಾತ್ರಿ ನಾನು ಅತ್ತಿದ್ದೆ.

ಈಗ ಹನ್ನೊಂದು ವರ್ಷ ಆಯಿತು. ಅವರು ಒರಟರಲ್ಲ ಅಂತ ಈಗ ಗೊತ್ತು. 24ರ ಸಂಜೆ ಇಲ್ಲಿ ಮನೆಯವರ ಸಂಜೆ, ಆರಾಧನೆ ಮುಗಿಸಿ ಎಲ್ಲರೂ ತಮ್ಮ ತಮ್ಮ ಮನೆ ಸೇರಿಕೊಳ್ಳುತ್ತಾರೆ. ಪರಿಚಯ, ಹರಟೆ, ಒಟ್ಟಿಗೆ ಕೆಲಸ ಮಾಡುವುದು, ಇದೆಲ್ಲ ಅದಕ್ಕೆ ಮುಂಚಿನ ಆರು ವಾರದಲ್ಲೇ ಆಗಿಹೋಗಿರುತ್ತದೆ. ನೀವು ಆ ಆರು ವಾರ ಅಲ್ಲಿರಬೇಕು, ಅಷ್ಟೇ.

ಮೊದಲ ಭೇಟಿ

ನವೆಂಬರ್ ಶುರುವಿನ ಯಾವುದಾದರೂ ಒಂದು ಭಾನುವಾರ ಆರಾಧನೆಗೆ ಹೋಗಿ. ಹೆಚ್ಚಿನ ಕಡೆ ಬೆಳಿಗ್ಗೆ 9:30 ಅಥವಾ 10ಕ್ಕೆ. ಮೂವತ್ತು ನಲವತ್ತು ಜನ ಇರಬಹುದು, ಜಾಸ್ತಿ ವಯಸ್ಸಾದವರು. ಬಾಗಿಲಲ್ಲಿ ಹಾಡಿನ ಪುಸ್ತಕ ಕೊಡುತ್ತಾರೆ. ಗೋಡೆಯ ಮೇಲೆ ಒಂದು ಹಲಗೆಯಲ್ಲಿ ಅಂದಿನ ಹಾಡುಗಳ ನಂಬರ್ ಹಾಕಿರುತ್ತಾರೆ. ಆ ಹಲಗೆ ನೋಡುವುದು ಕಲಿತರೆ ಅರ್ಧ ಭಯ ಹೋಗುತ್ತದೆ. ಸ್ಟುಟ್‌ಗಾರ್ಟ್ ಸುತ್ತಲಿನ ಈ ವ್ಯೂರ್ಟೆಂಬರ್ಗ್ ಸೀಮೆಯ ಸಭೆ ನಂಬಿಕೆಯಲ್ಲಿ ಲೂಥರನ್ನೇ, ಅಂದರೆ ಮಾರ್ಟಿನ್ ಲೂಥರ್ ದಾರಿಯದ್ದೇ, ಆದರೆ ಆರಾಧನೆ ತುಂಬಾ ಸರಳ. ಪಾಸ್ಟರ್ ಕಪ್ಪು ನಿಲುವಂಗಿ ಹಾಕಿ ಕತ್ತಿಗೆ ಬಿಳಿ ಪಟ್ಟಿ ಕಟ್ಟಿರುತ್ತಾರೆ. ನಮ್ಮ ಸಿ.ಎಸ್.ಐ. ಕ್ರಮಕ್ಕೆ ಹೊಂದಿಕೊಂಡವರಿಗೆ "ಇಷ್ಟೇನಾ?" ಅನಿಸಬಹುದು. ನಾಲ್ಕು ವಾರ ಹೋಗಿ, ಆಮೇಲೆ ಅದರ ರುಚಿ ಗೊತ್ತಾಗುತ್ತದೆ. ಬವೇರಿಯಾದಲ್ಲಿ ಇರುವವರಿಗೆ ರಾಗವಾಗಿ ಹೇಳುವ ಭಾಗಗಳು ಜಾಸ್ತಿ ಸಿಗುತ್ತವೆ.

ಮುಗಿದ ಮೇಲೆ ಪಾಸ್ಟರ್ ಬಾಗಿಲಲ್ಲಿ ನಿಂತು ಕೈ ಕೊಡುತ್ತಾರೆ. ಅಲ್ಲಿ ಎರಡು ಮಾತು ಹೇಳಿ. ಒಂದು, "ನಾನು ಕರ್ನಾಟಕದ ಬಾಸೆಲ್ ಮಿಷನ್ ಸಭೆಯ ಕಡೆಯವಳು". ಈ ಸೀಮೆಯಲ್ಲಿ ಇದಕ್ಕೆ ಬೆಲೆ ಇದೆ. 1834ರಲ್ಲಿ ಮಂಗಳೂರಿಗೆ ಬಂದ ಆ ಮಿಷನ್‌ನ ಪಾದ್ರಿಗಳಲ್ಲಿ ದೊಡ್ಡ ಪಾಲು ಇದೇ ವ್ಯೂರ್ಟೆಂಬರ್ಗ್ ಹಳ್ಳಿಗಳ ಹುಡುಗರು. 1843ರಲ್ಲಿ 'ಮಂಗಳೂರ ಸಮಾಚಾರ' ಶುರುಮಾಡಿದ ಮೊಗ್ಲಿಂಗ್ ಹುಟ್ಟಿದ್ದು ಇಲ್ಲಿನ ಬ್ರಾಕನ್‌ಹೈಮ್‌ನಲ್ಲಿ, ತೀರಿಕೊಂಡದ್ದು ಎಸ್ಲಿಂಗನ್‌ನಲ್ಲಿ. ನಿಘಂಟಿನ ಕಿಟ್ಟೆಲ್ ಜರ್ಮನಿಯ ಉತ್ತರದ ಕರಾವಳಿಯವರು, ಕೊನೆಗಾಲಕ್ಕೆ ಟ್ಯೂಬಿಂಗನ್‌ಗೆ ಬಂದು 1903ರ ಡಿಸೆಂಬರ್‌ನಲ್ಲಿ ಅಲ್ಲೇ ತೀರಿಕೊಂಡರು. ಇಷ್ಟು ಹೇಳಿದರೆ ಸಾಕು, ಯಾರಾದರೂ ಒಬ್ಬ ಅಜ್ಜ "ನಮ್ಮ ಮನೆತನದಲ್ಲೂ ಒಬ್ಬರು ಭಾರತಕ್ಕೆ ಹೋಗಿದ್ದರು" ಅಂತ ಶುರುಮಾಡುತ್ತಾರೆ. ನಮ್ಮ ಸಿ.ಎಸ್.ಐ. ಇಂದಿಗೂ ಸ್ಟುಟ್‌ಗಾರ್ಟ್‌ನಲ್ಲಿರುವ ಇ.ಎಂ.ಎಸ್. ಅನ್ನುವ ಮಿಷನ್ ಒಕ್ಕೂಟದ ಸದಸ್ಯ ಸಭೆ, ಹಾಗಾಗಿ ನೀವು ಅಪರಿಚಿತರಾಗಿ ಹೋಗುತ್ತಿಲ್ಲ.

ಎರಡನೇ ಮಾತು, "ಕ್ರಿಸ್‌ಮಸ್‌ಗೆ ಏನಾದರೂ ಕೆಲಸ ಇದ್ದರೆ ಹೇಳಿ". ಇದೇ ಮುಖ್ಯ. "ಏನಾದರೂ ಸಹಾಯ ಬೇಕಾದರೆ ಕರೆಯಿರಿ" ಅಂತ ಸುಮ್ನೆ ಹೇಳಿದರೆ ಯಾರೂ ಕರೆಯುವುದಿಲ್ಲ, ತೊಂದರೆ ಕೊಡಬಾರದು ಅಂತ ಹಿಂಜರಿಯುತ್ತಾರೆ. "ಶನಿವಾರ ಮಧ್ಯಾಹ್ನ ನನಗೆ ಬಿಡುವಿದೆ" ಅಂತ ದಿನ ಹೇಳಿ. ಮರುದಿನವೇ ಮೇಲ್ ಬರುತ್ತದೆ.

ತೆರಿಗೆ ವಿಷಯ ಕೂಡ ತುಂಬಾ ಜನ ಕೇಳುತ್ತಾರೆ. ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸುವಾಗ ಧರ್ಮದ ಕಾಲಂನಲ್ಲಿ ಇವಾಂಗೆಲಿಷ್ (ಪ್ರೊಟೆಸ್ಟಂಟ್) ಅಂತ ಬರೆಸಿದರೆ ಸಂಬಳದಿಂದ ಸಭಾ ತೆರಿಗೆ ಹೋಗುತ್ತದೆ, ನಾವಿರುವ ಬಾಡನ್-ವ್ಯೂರ್ಟೆಂಬರ್ಗ್ ರಾಜ್ಯದಲ್ಲಿ ಅದು ಆದಾಯ ತೆರಿಗೆ ಮೊತ್ತದ 8%. ಆರಾಧನೆಗೆ ಬರಲು, ಕೆಲಸ ಮಾಡಲು ಸದಸ್ಯತ್ವ ಬೇಕಿಲ್ಲ. ಆದರೆ ಇಲ್ಲೇ ನೆಲೆಸುವ ಯೋಚನೆ ಇದ್ದರೆ ಸದಸ್ಯರಾಗಿ. ಚರ್ಚ್ ಬೆಚ್ಚಗಿರುವುದು, ಪಾಸ್ಟರ್ ಸಂಬಳ, ಬಾಲವಾಡಿ ಎಲ್ಲ ಆ ದುಡ್ಡಿನಲ್ಲೇ ನಡೆಯುವುದು.

ನಕ್ಷತ್ರ ಯಾವಾಗ ಕಟ್ಟಬೇಕು

ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ತಯಾರಿಯ ಹೊತ್ತೇ ಆಗಮನ ಕಾಲ. ಅದರ ಮೊದಲ ಭಾನುವಾರ ಅಂದರೆ ನವೆಂಬರ್ 30ಕ್ಕೆ ಹತ್ತಿರದ ಭಾನುವಾರ. ಅದು ನವೆಂಬರ್ 27ರಿಂದ ಡಿಸೆಂಬರ್ 3ರ ಒಳಗೆ ಬೀಳುತ್ತದೆ. ಅದಕ್ಕೆ ಹಿಂದಿನ ಭಾನುವಾರ ಸತ್ತವರ ನೆನಪಿನ ಭಾನುವಾರ. ಆ ವರ್ಷ ಸಭೆಯಲ್ಲಿ ತೀರಿಕೊಂಡ ಪ್ರತಿಯೊಬ್ಬರ ಹೆಸರನ್ನೂ ಓದಿ, ಒಬ್ಬೊಬ್ಬರಿಗೆ ಒಂದು ಮೇಣದಬತ್ತಿ ಹಚ್ಚುತ್ತಾರೆ. ಅದು ಮುಗಿಯುವ ತನಕ ನಕ್ಷತ್ರ, ಸರದೀಪ ಯಾವುದನ್ನೂ ಹಾಕಬೇಡಿ. ಅಂಗಡಿಗಳು ಅಕ್ಟೋಬರ್‌ನಲ್ಲೇ ಶುರುಮಾಡುತ್ತವೆ ನಿಜ, ಆದರೆ ಸಭೆಯವರಿಗೆ ಮನಸ್ಸಿಗೆ ನೋವಾಗುತ್ತದೆ. ಈ ಭಾನುವಾರದ ಆರಾಧನೆ ತಪ್ಪಿಸಬೇಡಿ. ನನ್ನ ಅಪ್ಪ ಊರಲ್ಲಿ ತೀರಿಕೊಂಡ ವರ್ಷ ನಾನು ಕೇಳದೆಯೇ ಅವರ ಹೆಸರನ್ನೂ ಓದಿದರು. ಉಚ್ಚಾರ ಸ್ವಲ್ಪ ತಪ್ಪಾಗಿತ್ತು. ಅದು ನನಗೆ ಇನ್ನೂ ಕಿವಿಯಲ್ಲಿದೆ.

ಮೊದಲ ಆಗಮನ ಭಾನುವಾರದ ಹಿಂದಿನ ಶನಿವಾರ ನಕ್ಷತ್ರ ಕಟ್ಟಿ. ಊರಿಂದ ತಂದ ಕಾಗದದ ನಕ್ಷತ್ರ ಆದರೂ ಸರಿ. ಇಲ್ಲಿ ಎಲ್ಲ ಕಡೆ ಕಾಣುವುದು ಹೆರ್ನ್‌ಹೂಟ್ ನಕ್ಷತ್ರ, 25 ಮೊನೆಗಳದ್ದು. ಮೊರೇವಿಯನ್ ಅನ್ನುವ ಇನ್ನೊಂದು ಪ್ರೊಟೆಸ್ಟಂಟ್ ಸಭೆಯವರ ಹಾಸ್ಟೆಲ್ ಶಾಲೆಯಲ್ಲಿ ಮಕ್ಕಳಿಗೆ ರೇಖಾಗಣಿತ ಕಲಿಸಲು ಮಾಡಿಸುತ್ತಿದ್ದ ನಕ್ಷತ್ರ ಅದು, ಆಮೇಲೆ ಲೂಥರನ್ ಚರ್ಚ್‌ಗಳಿಗೂ ಬಂತು.

ಹಸಿರು ಚಕ್ರ ಕಟ್ಟುವುದು

ನಿಮಗೆ ಮೊದಲು ಸಿಗುವ ಕೆಲಸ ಇದೇ ಇರುತ್ತದೆ, ಆಗಮನದ ಹಸಿರು ಚಕ್ರ ಕಟ್ಟುವುದು. ಇದರ ಹಿನ್ನೆಲೆ ಚೆನ್ನಾಗಿದೆ. ಹ್ಯಾಂಬರ್ಗ್‌ನಲ್ಲಿ ವಿಖೆರ್ನ್ ಅನ್ನುವ ಲೂಥರನ್ ದೇವಶಾಸ್ತ್ರಜ್ಞರು ಬಡಹುಡುಗರಿಗೆ ಒಂದು ಆಶ್ರಯ ಮನೆ ನಡೆಸುತ್ತಿದ್ದರು. ಹುಡುಗರು ದಿನಾ "ಕ್ರಿಸ್‌ಮಸ್‌ಗೆ ಇನ್ನೆಷ್ಟು ದಿನ?" ಅಂತ ಪೀಡಿಸುತ್ತಿದ್ದರಂತೆ. 1839ರಲ್ಲಿ ಅವರು ಒಂದು ಹಳೇ ಗಾಡಿ ಚಕ್ರದ ಮೇಲೆ 20 ಸಣ್ಣ ಕೆಂಪು ಬತ್ತಿ, 4 ದೊಡ್ಡ ಬಿಳಿ ಬತ್ತಿ ನಿಲ್ಲಿಸಿದರು. ವಾರದ ದಿನಕ್ಕೆ ಕೆಂಪು, ಭಾನುವಾರಕ್ಕೆ ಬಿಳಿ. ಆ ವರ್ಷ ಡಿಸೆಂಬರ್ 1 ಭಾನುವಾರವೇ ಬಿದ್ದಿತ್ತು, ಹಾಗಾಗಿ ಲೆಕ್ಕ ಸರಿಯಾಗಿ 24. ಈಗ ಉಳಿದಿರುವುದು ನಾಲ್ಕು ದೊಡ್ಡವು ಮಾತ್ರ.

ಸಭಾಭವನದಲ್ಲಿ ಉದ್ದ ಮೇಜಿನ ಮೇಲೆ ಕೊಂಬೆ ರಾಶಿ ಹಾಕಿರುತ್ತಾರೆ. ಒಣಹುಲ್ಲಿನ ಸಿಂಬಿ ಕೊಡುತ್ತಾರೆ, ನಮ್ಮವರು ಕೊಡ ಹೊರುವಾಗ ತಲೆ ಮೇಲೆ ಇಟ್ಟುಕೊಳ್ಳುವ ಸಿಂಬಿಯೇ, ಆದರೆ ಊಟದ ತಟ್ಟೆಗಿಂತ ದೊಡ್ಡದು. ಒಂದು ಸುರುಳಿ ತೆಳು ತಂತಿ, ಒಂದು ಗಿಡ ಕತ್ತರಿಸುವ ಕತ್ತರಿ. ಕೊಂಬೆಗಳನ್ನು ಅಂಗೈ ಉದ್ದಕ್ಕೆ ಕತ್ತರಿಸಿಕೊಳ್ಳಿ. ಮೂರ್ನಾಲ್ಕು ತುದಿಗಳನ್ನು ಬೀಸಣಿಗೆ ಹಾಗೆ ಹರಡಿ ಹಿಡಿದು ಸಿಂಬಿಯ ಮೇಲಿಡಿ, ಒಂದು ಹೊರಬದಿಗೆ, ಒಂದು ಮೇಲೆ, ಒಂದು ಒಳಬದಿಗೆ ಬಾಗಬೇಕು. ತಂತಿಯನ್ನು ಎರಡು ಸುತ್ತು ಬಿಗಿಯಾಗಿ ಎಳೆಯಿರಿ. ಮುಂದಿನ ಕಟ್ಟು ಹಿಂದಿನದರ ಬುಡವನ್ನು ಮುಚ್ಚಬೇಕು. ತುದಿಗಳೆಲ್ಲ ಒಂದೇ ದಿಕ್ಕಿಗೆ. ತಂತಿಯನ್ನು ನಡುವೆ ಎಲ್ಲೂ ಕತ್ತರಿಸಬಾರದು, ಪೂರ್ತಿ ಚಕ್ರಕ್ಕೆ ಒಂದೇ ತಂತಿ. ಕೊನೆಯ ಕಟ್ಟಿನ ಬುಡವನ್ನು ಮೊದಲ ಕಟ್ಟಿನ ಕೆಳಗೆ ತೂರಿಸಿದರೆ ಎಲ್ಲಿ ಶುರು ಎಲ್ಲಿ ಕೊನೆ ಅಂತ ಗೊತ್ತಾಗುವುದಿಲ್ಲ.

ಹೂ ಕಟ್ಟಲು ಬರುವವರಿಗೆ ಇದು ಕೂಡಲೇ ಕೈಗೆ ಹತ್ತುತ್ತದೆ. ನನ್ನ ಅಮ್ಮ ಶಂಕರಪುರದ ಮಲ್ಲಿಗೆಯನ್ನು ಬಾಳೆನಾರಿನಲ್ಲಿ ಕಟ್ಟುತ್ತಿದ್ದರು. ಎಡಗೈ ಹೆಬ್ಬೆರಳು ಹೂವಿನ ತೊಟ್ಟಿನ ಮೇಲೆ ಒತ್ತಿರುತ್ತಿತ್ತು, ನಾರು ಸಡಿಲವಾಗಲು ಬಿಡುತ್ತಿರಲಿಲ್ಲ. ಇಲ್ಲಿಯೂ ಅದೇ ಹೆಬ್ಬೆರಳು. ನಾನು ಚಕ್ರ ಕಟ್ಟಲು ಹೋದ ಮೊದಲ ವರ್ಷ ನನ್ನ ಪಕ್ಕ ಕೂತ ಎಂಬತ್ತು ದಾಟಿದ ಅಜ್ಜಿಯೊಬ್ಬರು ನನ್ನ ಕೈಯನ್ನೇ ಸ್ವಲ್ಪ ಹೊತ್ತು ನೋಡಿ, ಎಲ್ಲಿ ಕಲಿತೆ ಅಂತ ಕೇಳಿದರು. ಮಲ್ಲಿಗೆ ಬಗ್ಗೆ ಹೇಳಿದೆ. ನನ್ನ ಅರೆಬರೆ ಜರ್ಮನ್‌ನಲ್ಲಿ ಇಲ್ಲಿ ನಡೆದ ಮೊದಲ ಉದ್ದನೆಯ ಮಾತುಕತೆ ಅದು.

ಫಿಖ್ಟೆ ಅನ್ನುವ ಜಾತಿಯ ಕೊಂಬೆ ಅಗ್ಗ, ಆದರೆ ಎರಡೇ ವಾರದಲ್ಲಿ ಎಲೆ ಉದುರಿಸುತ್ತದೆ. ನಾರ್ಡ್‌ಮನ್ ಫರ್ ಕ್ರಿಸ್‌ಮಸ್ ತನಕ ತಡೆಯುತ್ತದೆ, ಕೈಗೂ ಚುಚ್ಚುವುದಿಲ್ಲ. ಬೆರಳಿಗೆ ಅಂಟಿದ ಗೋಂದು ಸೋಪಿಗೆ ಹೋಗುವುದಿಲ್ಲ, ಮೊದಲು ಅಡುಗೆ ಎಣ್ಣೆ ಹಚ್ಚಿ ಉಜ್ಜಿ. ಮನೆಯ ಚಕ್ರಕ್ಕೆ ನಾಲ್ಕನೇ ವಾರ ಬಹಳ ಜಾಗ್ರತೆ, ಆ ಹೊತ್ತಿಗೆ ಅದು ಒಣಗಿ ಸೌದೆ ಆಗಿರುತ್ತದೆ. ಬತ್ತಿ ಹಚ್ಚಿಟ್ಟು ಅಡುಗೆಮನೆಗೆ ಕೂಡ ಹೋಗಬೇಡಿ.

ನಿಮ್ಮ ಮನೆಯ ಕಿಟಕಿ

ಎಲ್ಲದಕ್ಕಿಂತ ನನಗೆ ಇಷ್ಟವಾದದ್ದು ಇದು. ಕ್ಯಾಲೆಂಡರ್‌ನಲ್ಲಿ ದಿನಕ್ಕೊಂದು ಬಾಗಿಲು ತೆರೆಯುವ ಆಟ ನೋಡಿರುತ್ತೀರಿ. ಅದನ್ನೇ ಬೀದಿಯಲ್ಲಿ ಮಾಡುತ್ತಾರೆ. ಡಿಸೆಂಬರ್ 1ರಿಂದ ಪ್ರತಿ ಸಂಜೆ ಒಂದೊಂದು ಮನೆಯ ಕಿಟಕಿ. ಜೀವಂತ ಆಗಮನ ಕ್ಯಾಲೆಂಡರ್ ಅಂತ ಇದಕ್ಕೆ ಹೆಸರು. ಅಕ್ಟೋಬರ್ ಕೊನೆಗೆ ಸಭಾಭವನದ ಗೋಡೆಗೆ ಒಂದು ಪಟ್ಟಿ ಅಂಟಿಸುತ್ತಾರೆ. ಒಂದು ದಿನಕ್ಕೆ ನಿಮ್ಮ ಹೆಸರು ಬರೆಯಿರಿ. ಬಾಡಿಗೆ ಮನೆ, ಎರಡನೇ ಮಹಡಿ ಅಂತ ಯೋಚಿಸಬೇಡಿ, ಕೆಳಗಿನ ಬಾಗಿಲ ಹತ್ತಿರ ಮಾಡಿದರಾಯಿತು. ಮನೆ ಮಾಲೀಕರಿಗೆ ಹೇಳಿ, ಮೆಟ್ಟಿಲ ಹತ್ತಿರ ನೆರೆಯವರಿಗೊಂದು ಚೀಟಿ ಅಂಟಿಸಿ, "ನೀವೂ ಬನ್ನಿ" ಅಂತ ಬರೆಯಿರಿ.

ಕಿಟಕಿಗೆ ಕಪ್ಪು ಕಾಗದದಲ್ಲಿ ಆ ದಿನದ ಅಂಕಿ ಮತ್ತು ಚಿತ್ರ ಕತ್ತರಿಸಿ, ಹಿಂದೆ ಬಣ್ಣದ ತೆಳು ಕಾಗದ ಅಂಟಿಸಿ, ಅದರ ಹಿಂದೆ ದೀಪ ಇಡಿ. ನನ್ನ ಮಗಳು ಒಂದು ವರ್ಷ ತೆಂಗಿನ ಮರದ ಕೆಳಗೆ ಕೊಟ್ಟಿಗೆ ಮಾಡಿದ್ದಳು. ಆರು ಗಂಟೆಗೆ ಜನ ಬರುತ್ತಾರೆ, ಹದಿನೈದರಿಂದ ನಲವತ್ತು. ಪರದೆ ಎಳೆಯಿರಿ. ಒಂದು ಹಾಡು, ಒಂದು ಓದು, ಮತ್ತೊಂದು ಹಾಡು. ಇಪ್ಪತ್ತು ನಿಮಿಷದಲ್ಲಿ ಮುಗಿಯಬೇಕು, ಯಾಕೆಂದರೆ ಎಲ್ಲರೂ ಚಳಿಯಲ್ಲಿ ಹೊರಗೆ ನಿಂತಿರುತ್ತಾರೆ. ಆಮೇಲೆ ಬಿಸಿ ಏನಾದರೂ ಕುಡಿಯಲು ಕೊಡಿ. ಲೋಟ ಅವರೇ ತರುತ್ತಾರೆ, ನೀವು ಕೊಳ್ಳಬೇಕಿಲ್ಲ.

ಮೊದಲ ಸಲ ನಾನು ಮೂವತ್ತು ಜನರಿಗೆ ಬಿರಿಯಾನಿ ಮಾಡಿಟ್ಟಿದ್ದೆ. ಮನೆಗೆ ಬಂದವರನ್ನು ಹಾಗೇ ಕಳಿಸುವುದು ಹೇಗೆ ಅಲ್ವಾ? ಎಲ್ಲರೂ ಖುಷಿಯಿಂದ ತಿಂದರು. ಆದರೆ ಮರುದಿನದ ಮನೆಯವರು ಒಬ್ಬಂಟಿ ಮುದುಕಿ, ಪೆನ್ಷನ್‌ನಲ್ಲಿ ಬದುಕುವವರು. ಅವರು ನನ್ನ ಹತ್ತಿರ ಮೆಲ್ಲಗೆ, "ನನ್ನ ಹತ್ತಿರ ಬಿಸ್ಕತ್ತು ಮಾತ್ರ ಇದೆ" ಅಂದರು. ನನಗೆ ಎದೆ ಹಿಂಡಿದ ಹಾಗಾಯಿತು. ಅಂದಿನಿಂದ ಶುಂಠಿ, ಏಲಕ್ಕಿ ಹಾಕಿದ ಚಾ, ಒಂದು ಡಬ್ಬ ಚಕ್ಕುಲಿ, ಒಂದು ಡಬ್ಬ ಕಲ್‌ಕಲ್, ಅಷ್ಟೇ. ಚಕ್ಕುಲಿಗೆ ಖಾರ ಬೇಡ. ಯಾರೂ ಇನ್ನೊಬ್ಬರ ಮುಂದೆ ಸಣ್ಣವರಾಗಬಾರದು ಅಂತಲೇ ಈ ಸಂಜೆಗಳನ್ನು ಇಷ್ಟು ಚಿಕ್ಕದಾಗಿ ಇಟ್ಟಿದ್ದಾರೆ.

ಓದುವುದು ಕನ್ನಡದಲ್ಲೇ ಓದಿ. ಲೂಕನ ಸುವಾರ್ತೆಯ ಎರಡನೇ ಅಧ್ಯಾಯದ ಮೊದಲ ಏಳು ವಚನ ಸಾಕು. ನೀವು ಓದಿದ ಮೇಲೆ ಅದನ್ನೇ ಜರ್ಮನ್‌ನಲ್ಲಿ ಯಾರಾದರೂ ಓದಲಿ. ಇಲ್ಲಿ ಅದು ಲೂಥರ್‌ನ ಅನುವಾದ, ವಾರ್ಟ್‌ಬುರ್ಗ್ ಕೋಟೆಯಲ್ಲಿ ಅಡಗಿದ್ದಾಗ ಮಾಡಿದ ಹೊಸ ಒಡಂಬಡಿಕೆ 1522ರಲ್ಲಿ ಅಚ್ಚಾಯಿತು. ವಯಸ್ಸಾದವರಿಗೆ ಆ ಸಾಲುಗಳು ಬಾಯಿಪಾಠ. ನೀವು ಕನ್ನಡದಲ್ಲಿ ಓದುವಾಗಲೇ ಅವರ ತುಟಿ ಅಲ್ಲಾಡುತ್ತಿರುತ್ತದೆ. ಬೆತ್ಲೆಹೇಮ್, ಯೋಸೇಫ, ಮರಿಯ, ಈ ಹೆಸರುಗಳು ಬಂದಾಗ ಎಲ್ಲಿದ್ದೀರಿ ಅಂತ ಅವರಿಗೆ ಗೊತ್ತಾಗಿಬಿಡುತ್ತದೆ. ಓದು ಮುಗಿದ ಮೇಲೆ ಒಬ್ಬ ನಿವೃತ್ತ ಬಡಗಿ ನನ್ನನ್ನು ಕೇಳಿದ್ದರು, ಕೊನೆಗೆ ಒಂದು ಪದ ಬಂತಲ್ಲ, ಮಗುವನ್ನು ಎಲ್ಲಿ ಮಲಗಿಸಿದರು ಅಂತ ಹೇಳುವ ಪದ, ಅದೇನು? ಗೋದಲಿ ಅಂದೆ. ದನಕ್ಕೆ ಹುಲ್ಲು ಹಾಕುವ ಜಾಗ, ನಮ್ಮ ಅಜ್ಜನ ಹಟ್ಟಿಯಲ್ಲಿ ಇತ್ತು, ದನ ನೆಕ್ಕಿ ನೆಕ್ಕಿ ಮರದ ಅಂಚು ನುಣುಪಾಗಿತ್ತು ಅಂತ ಹೇಳಿದೆ. ಅವರು ತಲೆಯಾಡಿಸಿ, ನಮ್ಮ ಮನೆಯಲ್ಲೂ ಹಾಗೇ ಇತ್ತು ಅಂದರು. ಈಗ ಚರ್ಚ್‌ನಲ್ಲಿ ಇಡುವ ಗೋದಲಿ ಅವರೇ ಮಾಡಿದ್ದು, ಅದರ ಅಂಚನ್ನು ಹಾಗೇ ನುಣ್ಣಗೆ ಉಜ್ಜಿದ್ದಾರೆ.

ಮಕ್ಕಳ ನಾಟಕ

24ರ ಮಧ್ಯಾಹ್ನದ ಕುಟುಂಬ ಆರಾಧನೆಯಲ್ಲಿ ಮಕ್ಕಳು ಯೇಸುವಿನ ಹುಟ್ಟಿನ ನಾಟಕ ಆಡುತ್ತಾರೆ. ತಯಾರಿ ನವೆಂಬರ್‌ನಲ್ಲೇ ಶುರು. ಭಾಷೆ ಬಾರದ ಮಗುವಿಗೆ ಕುರಿಯ ಪಾತ್ರ ಕೇಳಿ, ಎಷ್ಟು ಕುರಿಗಳಿದ್ದರೂ ಇನ್ನೊಂದಕ್ಕೆ ಜಾಗ ಇದ್ದೇ ಇರುತ್ತದೆ. ನನ್ನ ಮಗಳು ಮೊದಲು ಕುರಿ, ಮರುವರ್ಷ ದೂತ. "ಭಯಪಡಬೇಡಿರಿ" ಅನ್ನುವುದು ಜರ್ಮನ್‌ನಲ್ಲಿ ಮೂರು ಪದ, ಒಂದು ತಿಂಗಳು ಸ್ನಾನದ ಮನೆಯಲ್ಲೂ ಅದನ್ನೇ ಹೇಳುತ್ತಿದ್ದಳು. ಬಟ್ಟೆ ಕೊಳ್ಳಬೇಡಿ, ಪೆಟ್ಟಿಗೆ ತುಂಬಾ ಹಳೆಯವು ಇರುತ್ತವೆ, ಗುಂಡಿ ಹೊಲಿಯುವವರು ಬೇಕಾಗಿರುತ್ತಾರೆ. ಮೊಬೈಲ್‌ನಲ್ಲಿ ವಿಡಿಯೋ ಮಾಡುವ ಮುಂಚೆ ಕೇಳಿ. ಬೇರೆಯವರ ಮಕ್ಕಳ ಫೋಟೋ ಹಂಚುವುದು ಇಲ್ಲಿ ದೊಡ್ಡ ತಪ್ಪು.

ವೃದ್ಧಾಶ್ರಮಕ್ಕೆ ಹೋಗುವುದು

ಡಿಸೆಂಬರ್‌ನಲ್ಲಿ ಸಭೆಯವರು ವೃದ್ಧಾಶ್ರಮಗಳಿಗೆ, ಮನೆ ಬಿಟ್ಟು ಹೊರಬರಲಾಗದವರ ಹತ್ತಿರ ಹೋಗುತ್ತಾರೆ. ಕಹಳೆ ಮತ್ತು ಟ್ರೊಂಬೋನ್ ಊದುವ ಮೇಳ ಹೆಚ್ಚಿನ ಸಭೆಗಳಲ್ಲಿ ಇದೆ, ಅವರು ಅಂಗಳದಲ್ಲಿ ನಿಂತು ಊದುತ್ತಾರೆ, ಮಹಡಿಯ ಕಿಟಕಿಗಳು ಒಂದೊಂದಾಗಿ ತೆರೆಯುತ್ತವೆ. ನಿಮಗೆ ಜರ್ಮನ್ ಚೆನ್ನಾಗಿ ಬರುವುದಿಲ್ಲ ಅಂತ ಹಿಂದೆ ಸರಿಯಬೇಡಿ. ಕುರ್ಚಿ ಎಳೆದು ಕೂತುಕೊಳ್ಳಿ, ನಿಂತು ಮಾತಾಡಬೇಡಿ, ಕಣ್ಣು ಅವರ ಕಣ್ಣಿನ ಮಟ್ಟಕ್ಕೆ ಇರಲಿ. ಕೈ ಹಿಡಿಯುವ ಮುಂಚೆ ಕೇಳಿ. ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ ಬೇಡ, ಅವರಿಗೆ ಸುಸ್ತಾಗುತ್ತದೆ. ಸಕ್ಕರೆ ಕಾಯಿಲೆ ಇರುತ್ತದೆ, ಸಿಹಿ ಕೊಡುವ ಮುಂಚೆ ಸಿಸ್ಟರ್‌ನ ಕೇಳಿ.

ಮತ್ತೆ ಹಾಡಿ. ಮಾತು ನಿಂತುಹೋದವರಿಗೂ ಹಾಡು ಉಳಿದಿರುತ್ತದೆ. ನಾನು ಹೋಗುತ್ತಿದ್ದ ಒಬ್ಬ ತಾಯಿಗೆ ತನ್ನ ಮಗನ ಹೆಸರೇ ಮರೆತುಹೋಗಿತ್ತು. ಹಾಡಿನ ಪುಸ್ತಕದ 24ನೇ ಹಾಡು ಶುರುಮಾಡಿದೆ. ನನಗೆ ಮೂರು ಚರಣ ಗೊತ್ತು, ಅವರು ಮುಂದುವರಿಸುತ್ತಲೇ ಹೋದರು. ಅದು ಲೂಥರ್ ಬರೆದ ಕ್ರಿಸ್‌ಮಸ್ ಹಾಡು, 1535ರಲ್ಲಿ ಅಚ್ಚಾದದ್ದು, 15 ಚರಣ. ದೇವದೂತ "ಮೇಲಣ ಆಕಾಶದಿಂದ ಬಂದಿದ್ದೇನೆ, ಒಳ್ಳೆಯ ಸುದ್ದಿ ತಂದಿದ್ದೇನೆ" ಅಂತ ಶುರುಮಾಡುತ್ತಾನೆ. ಈ ಸಾಲಿಗೆ ಲೂಥರ್ ಮಾದರಿಯಾಗಿ ತೆಗೆದುಕೊಂಡದ್ದು ಬೀದಿಯಲ್ಲಿ ಹಾಡುತ್ತಿದ್ದ ಒಂದು ಒಗಟಿನ ಹಾಡು, ಅದರ ಮೊದಲ ಮಾತು "ನಾನು ಪರದೇಶದಿಂದ ಬಂದಿದ್ದೇನೆ". ಇದು ಗೊತ್ತಾದ ದಿನದಿಂದ ಆ ಹಾಡು ನನ್ನದೂ ಆಗಿದೆ.

24ರ ದಿನ

ಅಂಗಡಿಗಳು ಮಧ್ಯಾಹ್ನ 2ಕ್ಕೆ ಮುಚ್ಚುತ್ತವೆ, 25 ಮತ್ತು 26 ಎರಡೂ ರಜೆ. ಹಾಲು, ಅಕ್ಕಿ, ತರಕಾರಿ 23ಕ್ಕೇ ತಂದಿಡಿ. ಸಾಮಾನ್ಯವಾಗಿ ಮಕ್ಕಳ ನಾಟಕದ ಆರಾಧನೆ 3 ಅಥವಾ 4ಕ್ಕೆ, ದೊಡ್ಡವರದ್ದು 5 ಅಥವಾ 6ಕ್ಕೆ, ರಾತ್ರಿಯದ್ದು 10 ಅಥವಾ 11ಕ್ಕೆ. ನಾಟಕಕ್ಕೆ ಮುಕ್ಕಾಲು ಗಂಟೆ ಮುಂಚೆ ಹೋಗಿ. ಮನಸ್ಸು ಶಾಂತವಾಗಬೇಕು ಅಂದರೆ ರಾತ್ರಿಯದ್ದಕ್ಕೆ ಹೋಗಿ, ಆದರೆ ವಾಪಸ್ ಬರುವ ಕೊನೆಯ ರೈಲು ಯಾವುದು ಅಂತ ನೋಡಿಕೊಂಡು ಹೋಗಿ. ಆಗಮನ ಕಾಲದ ನೇರಳೆ ಬಟ್ಟೆ ಹೋಗಿ ಆಲ್ಟರ್ ಮೇಲೆ ಬಿಳಿ ಬಂದಿರುತ್ತದೆ. ಕೊನೆಗೆ ವಿದ್ಯುತ್ ದೀಪ ಆರಿಸುತ್ತಾರೆ, ಮರದ ದೀಪ ಮಾತ್ರ ಉಳಿಯುತ್ತದೆ, ಎಲ್ಲರೂ ಎದ್ದು ನಿಂತು 44ನೇ ಹಾಡು ಹಾಡುತ್ತಾರೆ. ಮೂರೇ ಸಣ್ಣ ಚರಣ, ಮೊದಲನೆಯದು ವೈಮಾರ್‌ನಲ್ಲಿ ಅನಾಥ ಮಕ್ಕಳನ್ನು ಸಾಕಿದ ಫಾಲ್ಕ್ ಅನ್ನುವವರದ್ದು. ಇದನ್ನು ಮಾತ್ರ ಮುಂಚೆಯೇ ಕಲಿತು ಹೋಗಿ. ಆ ಕತ್ತಲಲ್ಲಿ ಪುಸ್ತಕ ಕಾಣುವುದಿಲ್ಲ.

ಕಾಣಿಕೆ ಬುಟ್ಟಿ ಹೊರಹೋಗುವ ಬಾಗಿಲಲ್ಲಿ ಇರುತ್ತದೆ, ನೋಟು ಇಟ್ಟುಕೊಂಡು ಹೋಗಿ. ಆ ದಿನದ ದುಡ್ಡು ಲೋಕಕ್ಕೆ ರೊಟ್ಟಿ ಅನ್ನುವ ಅರ್ಥದ ಹೆಸರಿನ ಸಂಸ್ಥೆಗೆ, ಬ್ರೋಟ್ ಫ್ಯೂರ್ ಡೀ ವೆಲ್ಟ್‌ಗೆ, ಹೋಗುತ್ತದೆ. 1959ರಿಂದ ನಡೆದುಬಂದದ್ದು. 

ಒಬ್ಬರೇ ಇದ್ದರೆ ಮನೆಗೆ ಹೋಗಬೇಡಿ. ತುಂಬಾ ಸಭೆಗಳು ಆ ರಾತ್ರಿ ಸಭಾಭವನ ತೆರೆದಿಡುತ್ತವೆ. ವಿಧವೆಯರು, ವಿಚ್ಛೇದನ ಆದವರು, ನಿರಾಶ್ರಿತರು, ನಮ್ಮ ವಿದ್ಯಾರ್ಥಿಗಳು ಎಲ್ಲ ಒಂದೇ ಮೇಜಿಗೆ. ಊಟ ಆಲೂಗಡ್ಡೆ ಸಲಾಡ್ ಮತ್ತು ಸಾಸೇಜ್. ಸಸ್ಯಾಹಾರಿಗಳು ಕೇಳಿ ತಿನ್ನಿ, ಈ ಸೀಮೆಯವರು ಆ ಸಲಾಡ್‌ಗೆ ಮಾಂಸದ ಸಾರು ಹಾಕುತ್ತಾರೆ. ನಿಮ್ಮ ಮನೆಯವರೆಲ್ಲ ಇಲ್ಲೇ ಇದ್ದರೆ, ಎರಡು ಗಂಟೆ ಹೊತ್ತು ಬಡಿಸಲು ಹೋಗಿ. ನಾವು ಕಳೆದ ಆರು ವರ್ಷದಿಂದ ಇದನ್ನೇ ಮಾಡುತ್ತಿದ್ದೇವೆ, ಮಗಳಿಗೆ ಈಗ ಇದೇ ಕ್ರಿಸ್‌ಮಸ್. ತಟ್ಟೆ ತೊಳೆಯುವ ಜಾಗದಲ್ಲಿ ನಿಂತುಕೊಳ್ಳಿ, ಅಲ್ಲಿಗೆ ಬಂದವರು ಮನಸ್ಸು ಬಿಚ್ಚಿ ಮಾತಾಡುತ್ತಾರೆ. ಹೋಗಲು ಆಗದಷ್ಟು ಮನಸ್ಸು ಕುಸಿದಿದ್ದರೆ, ಪ್ರೊಟೆಸ್ಟಂಟ್, ಕ್ಯಾಥೊಲಿಕ್ ಎರಡೂ ಸಭೆಗಳು ಸೇರಿ ನಡೆಸುವ ಸಹಾಯವಾಣಿ ಇದೆ, 0800 1110111, ದಿನದ 24 ಗಂಟೆ, ದುಡ್ಡಿಲ್ಲ.

ಆಮೇಲೆ

25ರ ಬೆಳಿಗ್ಗೆ ಹೋಗಿ. ನಿನ್ನೆ ನಿಲ್ಲಲು ಜಾಗವಿರದ ಚರ್ಚ್‌ನಲ್ಲಿ ಇಂದು ಇಪ್ಪತ್ತೈದು ಜನ. ನಮ್ಮ ಸಭೆಯಲ್ಲಿ ಕರ್ತನ ಭೋಜನ ಇರುವುದು ಅಂದೇ, ದ್ರಾಕ್ಷಾರಸದ ಬದಲು ದ್ರಾಕ್ಷಿ ಜ್ಯೂಸ್ ಕೊಡುತ್ತಾರೆ. ಆಲ್ಟರ್ ಸುತ್ತಲೂ ಅರ್ಧವೃತ್ತವಾಗಿ ನಿಲ್ಲಬೇಕು, ಕೊನೆಗೆ ಪಕ್ಕದವರ ಕೈ ಹಿಡಿಯಬೇಕು. ಪಾಸ್ಟರ್‌ಗೂ ಅಂದು ಉಸಿರಾಡಲು ಹೊತ್ತಿರುತ್ತದೆ. ಏನಾದರೂ ಮನಸ್ಸಿನಲ್ಲಿದ್ದರೆ ಅಂದು ಮಾತಾಡಿ.

ಜನವರಿ 6 ನಮ್ಮ ರಾಜ್ಯದಲ್ಲಿ ರಜೆ, ಜ್ಞಾನಿಗಳು ಬಂದ ದಿನ. ಆ ಮೇಲಿನ ಶನಿವಾರ ಯುವಕರ ಸಂಘದವರು ಟ್ರ್ಯಾಕ್ಟರ್ ತಂದು ಮನೆ ಮನೆಯ ಕ್ರಿಸ್‌ಮಸ್ ಮರ ಎತ್ತಿಕೊಂಡು ಹೋಗುತ್ತಾರೆ, ಮರಕ್ಕೆ ಕೆಲವು ಯೂರೋ ಕಾಣಿಕೆ, ಅದು ಮಕ್ಕಳ ಶಿಬಿರಕ್ಕೋ ಹೊರದೇಶದ ಒಂದು ಶಾಲೆಗೋ ಹೋಗುತ್ತದೆ. ಇದಕ್ಕೆ ಕೈಗಳು ಯಾವಾಗಲೂ ಸಾಲುವುದಿಲ್ಲ. ಬೆಳಿಗ್ಗೆ 8ಕ್ಕೆ ಹೋಗಿ, ಚರ್ಮದ ಕೈಗವಸು, ಹಳೇ ಜಾಕೆಟ್ ಹಾಕಿಕೊಳ್ಳಿ. ಮರವನ್ನು ಬುಡ ಹಿಡಿದು ಎಳೆಯಿರಿ, ತುದಿ ಹಿಡಿದರೆ ಸೂಜಿ ಎಲೆಗಳು ಮುಖಕ್ಕೆ ಬರುತ್ತವೆ. ಮಧ್ಯಾಹ್ನ ಬಿಸಿ ಬೇಳೆ ಸೂಪು ಕೊಡುತ್ತಾರೆ. ಮನೆಗೆ ಬಂದು ಜಾಕೆಟ್ ಜೇಬು ಹೊರಗೆ ತಿರುಗಿಸಿ ಬಾಲ್ಕನಿಯಲ್ಲಿ ಕೊಡವಿ, ಆಮೇಲೆ ಮಶೀನ್‌ಗೆ ಹಾಕಿ. ಎಷ್ಟು ಕೊಡವಿದರೂ ನನಗೆ ಮಾರ್ಚ್ ತನಕ ಒಂದೆರಡು ಎಲೆ ಸಿಗುತ್ತಲೇ ಇರುತ್ತವೆ.